ಬೆಟ್ಟ, ಸರೋವರ, ಬೆಳಕು: ರೊಮ್ಯಾಂಟಿಕ್ ಲ್ಯಾಂಡ್‌ಸ್ಕೇಪನ್ನು ಆಯಿಲ್‌ನಲ್ಲಿ ಬಿಡಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಿಮದ ಬೆಟ್ಟ, ಅದರ ಬುಡದಲ್ಲಿ ಅಲುಗದ ನೀರು, ಮೋಡದ ಸಂದಿಯಿಂದ ಇಳಿಯುವ ಬಿಸಿಲು. 19ನೇ ಶತಮಾನದ ಯುರೋಪ್ ಮತ್ತು ಅಮೆರಿಕದ ಚಿತ್ರಕಾರರು ಮತ್ತೆ ಮತ್ತೆ ಬಿಡಿಸಿದ ದೃಶ್ಯ ಇದು. ಇದನ್ನು ಕಲಿಯಲು ಹೊರಟವರು ಮಾತಿನಲ್ಲಿ, ಪತ್ರದಲ್ಲಿ ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಯಾವ ಪ್ರಶ್ನೆ ಬೇಕೋ ಅದನ್ನಷ್ಟೇ ಓದಿದರೂ ನಡೆಯುತ್ತದೆ. ಆದರೆ ಓದುತ್ತಾ ಹೋದರೆ ಒಂದು ಮಾತು ಎಲ್ಲ ಕಡೆ ಸಿಗುತ್ತದೆ: ಬೆಳಕು ಎಲ್ಲಿ ಬೀಳಬೇಕು ಅನ್ನುವುದು ಮೊದಲು ತೀರ್ಮಾನವಾಗಬೇಕು, ಬಣ್ಣದ ಮಾತು ಆಮೇಲೆ.

## ಶುರು ಮಾಡುವವರಿಗೆ

ಮಾಮೂಲಿ ಲ್ಯಾಂಡ್‌ಸ್ಕೇಪ್‌ಗೂ ರೊಮ್ಯಾಂಟಿಕ್ ಲ್ಯಾಂಡ್‌ಸ್ಕೇಪ್‌ಗೂ ಏನು ವ್ಯತ್ಯಾಸ?

ಮಾಮೂಲಿ ಲ್ಯಾಂಡ್‌ಸ್ಕೇಪ್ ಒಂದು ಜಾಗ ಹೇಗಿದೆ ಅಂತ ತೋರಿಸುತ್ತದೆ. ರೊಮ್ಯಾಂಟಿಕ್ ಚಿತ್ರಕಾರರಿಗೆ ಅಷ್ಟು ಸಾಲಲಿಲ್ಲ. ಆ ಜಾಗದ ಎದುರು ನಿಂತಾಗ ಎದೆ ಝಲ್ ಅನ್ನುತ್ತದಲ್ಲ, ಅದು ಅವರಿಗೆ ಬೇಕಿತ್ತು. ಬ್ರಿಟನ್ನಿನ ಚಿಂತಕ ಎಡ್ಮಂಡ್ ಬರ್ಕ್ 1757ರಲ್ಲೇ ಇದರ ಬಗ್ಗೆ ಬರೆದಿದ್ದ. ತುಂಬಾ ದೊಡ್ಡದು, ಕತ್ತಲಾಗಿರುವುದು, ಅಂಕೆಗೆ ಸಿಗದ್ದು ನಮ್ಮಲ್ಲಿ ಭಯ ಹುಟ್ಟಿಸುತ್ತದೆ. ನಾವು ಸುರಕ್ಷಿತವಾಗಿ ದೂರದಲ್ಲಿದ್ದರೆ ಆ ಭಯವೇ ಒಂದು ಥರದ ಸುಖ ಕೊಡುತ್ತದೆ ಅನ್ನುವುದು ಅವನ ವಾದ. ಜರ್ಮನಿಯಲ್ಲಿ ಕಾಸ್ಪರ್ ಡೇವಿಡ್ ಫ್ರೀಡ್ರಿಶ್, ಇಂಗ್ಲೆಂಡಿನಲ್ಲಿ ಟರ್ನರ್, ಸ್ವಿಟ್ಜರ್ಲೆಂಡಿನಲ್ಲಿ ಅಲೆಕ್ಸಾಂಡರ್ ಕಲಾಮ್, ಅಮೆರಿಕದಲ್ಲಿ ಥಾಮಸ್ ಕೋಲ್, ಆಮೇಲೆ ಆಲ್ಬರ್ಟ್ ಬೀರ್‌ಸ್ಟಾಟ್, ಎಲ್ಲರೂ ಈ ದಾರಿಯಲ್ಲಿ ನಡೆದವರು.

ಒಂದು ಉದಾಹರಣೆ ಸಾಕು. ಲೂಸರ್ನ್ ಸರೋವರದ ದಡದಲ್ಲಿರುವ ರಿಗಿ ಬೆಟ್ಟವನ್ನು ಟರ್ನರ್ 1842ರಲ್ಲಿ ಮೂರು ದೊಡ್ಡ ಜಲವರ್ಣಗಳಲ್ಲಿ ಬಿಡಿಸಿದ. ಅವಕ್ಕೆ ಇವತ್ತು ನೀಲಿ ರಿಗಿ, ಕೆಂಪು ರಿಗಿ, ಕಪ್ಪು ರಿಗಿ ಅಂತಲೇ ಹೆಸರು. ಬೆಟ್ಟ ಅದೇ, ನೀರು ಅದೇ, ಬೆಳಕು ಮಾತ್ರ ಬೇರೆ. ನೋಡಿದವರಿಗೆ ಮೂರು ಬೇರೆ ಬೇರೆ ಲೋಕ ಕಾಣುತ್ತದೆ.

ನನಗೆ ಡ್ರಾಯಿಂಗೇ ಸರಿಯಾಗಿ ಬರಲ್ಲ. ನೇರವಾಗಿ ಆಯಿಲ್‌ಗೆ ಹೋಗಬಹುದಾ?

ಹೋಗಬಹುದು. ಮುಖ ಬಿಡಿಸುವಾಗ ಕಣ್ಣು ಎರಡು ಮಿಲಿಮೀಟರ್ ಆಚೀಚೆ ಆದರೂ ಗೊತ್ತಾಗುತ್ತದೆ. ಬೆಟ್ಟದ ತುದಿ ಒಂದು ಸೆಂಟಿಮೀಟರ್ ಸರಿದರೆ ಯಾರಿಗೂ ಗೊತ್ತಾಗಲ್ಲ. ಆದರೆ ಯಾವುದು ಕಪ್ಪು, ಯಾವುದು ನಡುವಿನದು, ಯಾವುದು ಬಿಳುಪು ಅಂತ ಗುರುತಿಸುವ ಕಣ್ಣು ಬೇಕೇ ಬೇಕು. ಒಂದೆರಡು ವಾರ ಇದ್ದಿಲು ಹಿಡಿದು ಬರೀ ನೆರಳು ಬೆಳಕಿನ ಚಿಕ್ಕ ಚಿತ್ರಗಳನ್ನು ಮಾಡಿ. ಅದು ವ್ಯರ್ಥವಾಗಲ್ಲ.

ಅಂಗಡಿಯಲ್ಲಿ 24 ಬಣ್ಣದ ಸೆಟ್ ಇದೆ. ಅದನ್ನೇ ತಗೊಳ್ಳಲಾ?

ಬೇಡ. ಬಿಡಿ ಟ್ಯೂಬ್ ಕೊಳ್ಳಿ, ಕಡಿಮೆ ಬಣ್ಣ ಕೊಳ್ಳಿ. ಟೈಟೇನಿಯಂ ವೈಟ್ (ದೊಡ್ಡ ಟ್ಯೂಬ್, ಇದೇ ಜಾಸ್ತಿ ಖರ್ಚಾಗುವುದು), ಅಲ್ಟ್ರಾಮರೀನ್ ಬ್ಲೂ, ಯೆಲ್ಲೋ ಓಕರ್, ಬರ್ನ್ಟ್ ಸಿಯೆನ್ನಾ, ಬರ್ನ್ಟ್ ಅಂಬರ್, ಪರ್ಮನೆಂಟ್ ಅಲಿಜರಿನ್ ಕ್ರಿಮ್ಸನ್, ವಿರಿಡಿಯನ್, ಒಂದು ತಿಳಿ ಹಳದಿ. ಇಷ್ಟು ಸಾಕು. ಕಪ್ಪು ಬೇಕಾಗಿಲ್ಲ. ಅಲ್ಟ್ರಾಮರೀನ್‌ಗೆ ಬರ್ನ್ಟ್ ಅಂಬರ್ ಸೇರಿಸಿದರೆ ಟ್ಯೂಬಿನ ಕಪ್ಪಿಗಿಂತ ಜೀವವಿರುವ ಕಪ್ಪು ಸಿಗುತ್ತದೆ. ನೀಲಿ ಸ್ವಲ್ಪ ಜಾಸ್ತಿ ಮಾಡಿದರೆ ತಣ್ಣಗಿನ ಬಂಡೆ, ಕಂದು ಜಾಸ್ತಿ ಮಾಡಿದರೆ ಬಿಸಿಲು ತಿಂದ ಬಂಡೆ. ಅದಕ್ಕೆ ಬಿಳಿ ಸೇರಿಸುತ್ತಾ ಹೋದರೆ ಮೋಡದ ಬೂದು ಬಣ್ಣಗಳೆಲ್ಲ ಅಲ್ಲೇ ಇವೆ.

ಕ್ಯಾಮ್ಲಿನ್ ಆರ್ಟಿಸ್ಟ್ ಬಣ್ಣಗಳಿಂದ ಶುರು ಮಾಡಿದರೆ ಏನೂ ತೊಂದರೆ ಇಲ್ಲ. ದುಬಾರಿ ಟ್ಯೂಬುಗಳ ಸರದಿ ಆಮೇಲೆ ಬರಲಿ. ಆದರೆ ಬಿಳಿ ಮತ್ತು ಅಲ್ಟ್ರಾಮರೀನ್ ಒಳ್ಳೆಯದಿರಲಿ.

ಮೊದಲ ಚಿತ್ರಕ್ಕೆ ಎಷ್ಟು ದೊಡ್ಡ ಕ್ಯಾನ್ವಾಸ್, ಯಾವ ಬ್ರಷ್?

30×40 ಸೆಂ.ಮೀ. ಕ್ಯಾನ್ವಾಸ್ ಬೋರ್ಡ್. ಇದಕ್ಕಿಂತ ಚಿಕ್ಕದಾದರೆ ಬ್ರಷ್ ಆಡಲು ಜಾಗ ಇರಲ್ಲ, ದೊಡ್ಡದಾದರೆ ಆಕಾಶ ತುಂಬಿಸುವಷ್ಟರಲ್ಲೇ ಸುಸ್ತು. ಒರಟು ಕೂದಲಿನ ಚಪ್ಪಟೆ ಬ್ರಷ್ ಎರಡು, ಫಿಲ್ಬರ್ಟ್ (ತುದಿ ದುಂಡಗಿರುವ ಚಪ್ಪಟೆ ಬ್ರಷ್) ಒಂದು, ಮೆತ್ತಗಿನ ಅಗಲ ಬ್ರಷ್ ಒಂದು (ಅಂಚು ಕರಗಿಸಲು), ಸಣ್ಣ ರಿಗ್ಗರ್ (ತೆಳು ಗೆರೆ ಎಳೆಯುವ ಉದ್ದ ಕೂದಲಿನ ಬ್ರಷ್) ಒಂದು. ಜೊತೆಗೆ ಒಂದು ಪ್ಯಾಲೆಟ್ ನೈಫ್. ರಿಗ್ಗರನ್ನು ಕೊನೆಯವರೆಗೂ ಡ್ರಾಯರ್‌ನಲ್ಲೇ ಇಡಿ. ಕೈಗೆ ಸಿಕ್ಕರೆ ಮೊದಲ ದಿನವೇ ಮರದ ಎಲೆ ಬಿಡಿಸಲು ಕೂರುತ್ತೀರಿ.

ಟರ್ಪೆಂಟೈನ್ ವಾಸನೆ ತಡೆಯೋಕಾಗಲ್ಲ, ಮನೇಲಿ ಚಿಕ್ಕ ಮಕ್ಕಳಿದ್ದಾರೆ. ಏನು ಮಾಡಲಿ?

ಟರ್ಪೆಂಟೈನ್ ಇಲ್ಲದೆಯೂ ಕೆಲಸ ಆಗುತ್ತದೆ. ಬ್ರಷ್‌ನ ಬಣ್ಣವನ್ನು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಸ್ವಲ್ಪ ಅಡುಗೆ ಎಣ್ಣೆಯಲ್ಲಿ ಅದ್ದಿ ಮತ್ತೆ ಒರೆಸಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ಅಡುಗೆ ಎಣ್ಣೆ ಬರೀ ತೊಳೆಯುವುದಕ್ಕೆ ಮಾತ್ರ, ಬಣ್ಣಕ್ಕೆ ಬೆರೆಸಬೇಡಿ, ಅದು ಒಣಗಲ್ಲ. ಬಣ್ಣ ತೆಳು ಮಾಡಲೇಬೇಕಾದರೆ ವಾಸನೆ ಕಡಿಮೆ ಇರುವ ಸಾಲ್ವೆಂಟ್ ಸಿಗುತ್ತದೆ. ಅದನ್ನೂ ಕಿಟಕಿ ತೆರೆದು, ಮುಚ್ಚಳ ಇರುವ ಡಬ್ಬಿಯಲ್ಲಿ ಇಟ್ಟು ಬಳಸಿ. ವಾಸನೆ ಇಲ್ಲ ಅಂದ ಮಾತ್ರಕ್ಕೆ ಆವಿ ಇಲ್ಲ ಅಂತಲ್ಲ.

ಇನ್ನೊಂದು ಮಾತು, ದಯವಿಟ್ಟು ಗಮನ ಕೊಟ್ಟು ಓದಿ. ಲಿನ್ಸೀಡ್ ಎಣ್ಣೆ, ಅಂದರೆ ಅಗಸೆ ಎಣ್ಣೆ, ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ಹಾಗೆ ಆಗುವಾಗ ಬಿಸಿ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಬಿಸಿ ಹೊರಗೆ ಹೋಗದೆ ತಾನಾಗೇ ಬೆಂಕಿ ಹತ್ತಬಹುದು. ಬಟ್ಟೆಗಳನ್ನು ಬಿಡಿಸಿ ಹೊರಗೆ ಒಣಹಾಕಿ, ಇಲ್ಲವೇ ನೀರು ತುಂಬಿದ ಮುಚ್ಚಳದ ಡಬ್ಬಿಯಲ್ಲಿ ಇಡಿ.

ನಾನು ಹಿಮದ ಬೆಟ್ಟ ಕಣ್ಣಾರೆ ನೋಡೇ ಇಲ್ಲ. ಬಿಡಿಸಿದ್ರೆ ಸುಳ್ಳು ಅನ್ನಿಸಲ್ವಾ?

ಫ್ರೀಡ್ರಿಶ್ ಜೀವಮಾನದಲ್ಲಿ ಆಲ್ಪ್ಸ್‌ಗೆ ಹೋದವನಲ್ಲ. ಆದರೂ 1824-25ರಲ್ಲಿ ಆಲ್ಪ್ಸ್‌ನ ವಾಟ್ಸ್‌ಮನ್ ಬೆಟ್ಟವನ್ನು ದೊಡ್ಡ ಕ್ಯಾನ್ವಾಸಿನಲ್ಲಿ ಬಿಡಿಸಿದ. ಬೆಟ್ಟಕ್ಕೆ ಅವನ ಶಿಷ್ಯ ಆಗಸ್ಟ್ ಹೈನ್‌ರಿಶ್ ಮಾಡಿದ್ದ ಜಲವರ್ಣವೇ ಆಧಾರ. ಮುಂದಿನ ಬಂಡೆಗಳನ್ನು ಹಾರ್ಟ್ಸ್ ಬೆಟ್ಟಗಳಲ್ಲಿ ತಾನೇ ಮಾಡಿಕೊಂಡಿದ್ದ ಸ್ಕೆಚ್‌ನಿಂದ ತಂದ. ಬೀರ್‌ಸ್ಟಾಟ್‌ನ 'ಸಿಯೆರ್ರಾ ನೆವಾಡದ ನಡುವೆ, ಕ್ಯಾಲಿಫೋರ್ನಿಯಾ' (1868) ಇಂಥ ಚಿತ್ರಗಳಲ್ಲೆಲ್ಲ ಹೆಸರುವಾಸಿ. ಸುಮಾರು 6 ಅಡಿ ಎತ್ತರ, 10 ಅಡಿ ಅಗಲ. ಅದನ್ನು ಬಿಡಿಸಿದ್ದು ರೋಮ್‌ನ ಸ್ಟುಡಿಯೋದಲ್ಲಿ. ಅವನು ಕ್ಯಾಲಿಫೋರ್ನಿಯಾದಲ್ಲಿ ತಿರುಗಾಡಿ ಸ್ಕೆಚ್ ಮಾಡಿದ್ದು ನಿಜ, ಆದರೆ ಚಿತ್ರದಲ್ಲಿರುವ ಆ ಸರೋವರ ಅದೇ ರೂಪದಲ್ಲಿ ಭೂಮಿಯ ಮೇಲೆ ಎಲ್ಲೂ ಇಲ್ಲ. ಬೇರೆ ಬೇರೆ ಕಡೆ ನೋಡಿದ್ದನ್ನು ಜೋಡಿಸಿದ್ದಾನೆ.

ಸುಳ್ಳಾಗುವುದು ಬೆಳಕು ತಪ್ಪಿದಾಗ. ಎಡದಿಂದ ಬಿಸಿಲು ಬೀಳುವ ಬೆಟ್ಟದ ಫೋಟೋಗೆ ಬಲದಿಂದ ಬಿಸಿಲು ಬೀಳುವ ಮರದ ಫೋಟೋ ಸೇರಿಸಿದರೆ ಯಾರಿಗಾದರೂ ಏನೋ ಸರಿಯಿಲ್ಲ ಅನ್ನಿಸುತ್ತದೆ.

ನೋಡಿ ಕಲಿಯುವುದಕ್ಕೆ ಈಗ ಕಷ್ಟವೇ ಇಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಿಂದ, ಸ್ಮಿತ್‌ಸೋನಿಯನ್ 2020ರಿಂದ ಲಕ್ಷಾಂತರ ಚಿತ್ರಗಳನ್ನು ಉಚಿತವಾಗಿ ಡೌನ್‌ಲೋಡ್ ಮಾಡಲು ಬಿಟ್ಟಿವೆ. ಬ್ರಷ್ ಗೆರೆ ಕಾಣುವಷ್ಟು ಹಿಗ್ಗಿಸಿ ನೋಡಬಹುದು. ಬೆಂಗಳೂರಿನಲ್ಲಿದ್ದರೆ ಚಿತ್ರಕಲಾ ಪರಿಷತ್ತಿನಲ್ಲಿರುವ, ರಷ್ಯಾ ಮೂಲದ ಚಿತ್ರಕಾರ ರೋರಿಕ್ ಚಿತ್ರಗಳನ್ನು ನೋಡಿ ಬನ್ನಿ. ಅವು ಈ ಶೈಲಿಯವಲ್ಲ, ಕಾಲವೂ ಬೇರೆ. ಆದರೆ ಒಂದು ಹಿಮಾಲಯದ ಸಾಲನ್ನು ಎಷ್ಟು ಕಡಿಮೆ ಆಕಾರಗಳಲ್ಲಿ ಹೇಳಬಹುದು ಅನ್ನುವುದು ಅಲ್ಲಿ ಕಾಣುತ್ತದೆ.

## ಕೈ ಸ್ವಲ್ಪ ಪಳಗಿದ ಮೇಲೆ

ಕಾಂಪೋಸಿಷನ್ (ಚಿತ್ರದ ಜೋಡಣೆ) ಎಲ್ಲಿಂದ ಶುರು ಮಾಡಬೇಕು? ಎಲ್ಲ ಚೆನ್ನಾಗಿ ಬಿಡಿಸಿದ್ರೂ ಚಿತ್ರ ಸಪ್ಪೆ

ಎಲ್ಲ ಕಡೆ ಒಂದೇ ಥರ ಬೆಳಕು ಇರುವುದೇ ಸಪ್ಪೆಗೆ ಕಾರಣ. ಕಾಗದದ ಮೇಲೆ ಬೆಂಕಿಪೊಟ್ಟಣದಷ್ಟು ದೊಡ್ಡ ಚೌಕಗಳನ್ನು ಹಾಕಿಕೊಳ್ಳಿ. ಒಂದೊಂದರಲ್ಲೂ ನಾಲ್ಕೇ ಟೋನ್: ಕಪ್ಪು, ಕಡು ಬೂದು, ತಿಳಿ ಬೂದು, ಕಾಗದದ ಬಿಳಿ. ಬಿಳಿ ಒಂದೇ ಜಾಗದಲ್ಲಿ ಇರಲಿ. ಹಿಮದ ತುದಿಯೋ, ನೀರಿನ ನಡುವಿನ ಪಟ್ಟಿಯೋ, ಮೋಡದ ಅಂಚೋ, ಒಂದನ್ನು ಆರಿಸಿಕೊಳ್ಳಿ. ಉಳಿದದ್ದೆಲ್ಲ ಅದಕ್ಕೆ ದಾರಿ ಬಿಡಬೇಕು. ಬೀರ್‌ಸ್ಟಾಟ್‌ನ ಚಿತ್ರಗಳಲ್ಲಿ ಮುಂದಿನ ನೆಲ ಎಷ್ಟೋ ಸಲ ಮೋಡದ ನೆರಳಿನಲ್ಲಿ ಮುಳುಗಿರುತ್ತದೆ, ಬಿಸಿಲು ನಡುವಿನಲ್ಲಿ ಎಲ್ಲೋ ಬೀಳುತ್ತದೆ. ಕಣ್ಣು ಕತ್ತಲಿಂದ ಹೊರಟು ಬೆಳಕಿಗೆ ತಾನಾಗೇ ನಡೆದು ಹೋಗುತ್ತದೆ.

ನೀರಿನ ಗೆರೆಯನ್ನು ಚಿತ್ರದ ಸರಿಯಾಗಿ ಅರ್ಧಕ್ಕೆ ಇಡಬೇಡಿ. ಕೆಳಗಿನಿಂದ ಮೂರನೇ ಒಂದು ಭಾಗಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಟ್ಟರೆ ಬೆಟ್ಟಕ್ಕೆ ಎತ್ತರ ಬರುತ್ತದೆ.

ಟೋನ್ ನೋಡಲು ಒಂದು ಹಳೆಯ ಉಪಾಯ ಇದೆ. 18ನೇ ಶತಮಾನದಲ್ಲಿ ದೃಶ್ಯ ನೋಡಲು ಹೋಗುವವರು ಕ್ಲೋಡ್ ಗ್ಲಾಸ್ ಅನ್ನುವ ಕಪ್ಪು ಛಾಯೆಯ ಪುಟ್ಟ ಕನ್ನಡಿ ಒಯ್ಯುತ್ತಿದ್ದರು. ದೃಶ್ಯಕ್ಕೆ ಬೆನ್ನು ಹಾಕಿ ಅದರಲ್ಲಿ ನೋಡಿದರೆ ಬಣ್ಣ ತಗ್ಗಿ ನೆರಳು ಬೆಳಕು ಮಾತ್ರ ಉಳಿಯುತ್ತಿತ್ತು. ಆಫ್ ಮಾಡಿದ ಮೊಬೈಲ್ ಸ್ಕ್ರೀನ್ ಈಗ ಅದೇ ಕೆಲಸ ಮಾಡುತ್ತದೆ. ನಿಮ್ಮ ಕ್ಯಾನ್ವಾಸನ್ನೂ ಅದರಲ್ಲಿ ನೋಡಿ. ಎಲ್ಲಿ ಬೆಳಕು ಜಾಸ್ತಿ ಚದುರಿದೆ ಅಂತ ತಕ್ಷಣ ಗೊತ್ತಾಗುತ್ತದೆ.

ಮೊದಲು ಆಕಾಶನಾ, ಬೆಟ್ಟನಾ, ನೀರಾ?

ಎಲ್ಲಕ್ಕಿಂತ ಮೊದಲು ಕ್ಯಾನ್ವಾಸಿನ ಬಿಳಿ ಕಳೆಯಬೇಕು. ಬರ್ನ್ಟ್ ಸಿಯೆನ್ನಾವನ್ನು ಸಾಲ್ವೆಂಟಿನಲ್ಲಿ ತೆಳು ಮಾಡಿ ಪೂರ್ತಿ ಬಳಿದು, ಬಟ್ಟೆಯಿಂದ ಒರೆಸಿ. ಬೆಚ್ಚಗಿನ ಮಣ್ಣಿನ ಛಾಯೆ ಉಳಿಯುತ್ತದೆ. ಆಮೇಲೆ ಅದರ ಮೇಲೆ ಬರ್ನ್ಟ್ ಅಂಬರ್‌ನಿಂದ ಕಪ್ಪು ಭಾಗಗಳನ್ನು ಗುರುತಿಸಿ, ಬೆಳಕಿರುವ ಕಡೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಈ ಹಂತದಲ್ಲೇ ಚಿತ್ರ ನಿಲ್ಲಬೇಕು. ಇಲ್ಲಿ ನಿಲ್ಲದಿದ್ದರೆ ಬಣ್ಣ ಹಚ್ಚಿದ ಮೇಲೂ ನಿಲ್ಲಲ್ಲ.

ಒಣಗಿದ ಮೇಲೆ ಹಿಂದಿನಿಂದ ಮುಂದಕ್ಕೆ ಬನ್ನಿ. ಆಕಾಶ, ದೂರದ ಬೆಟ್ಟ, ನಡುವಿನ ಗುಡ್ಡ, ನೀರು, ಕೊನೆಗೆ ಮುಂದಿನ ದಡ. ನೀರನ್ನು ಮಾತ್ರ ಬೆಟ್ಟದ ಜೊತೆಗೇ, ಅದೇ ಕೂತ ಪಟ್ಟಿನಲ್ಲಿ ಮಾಡುವುದು ಒಳ್ಳೆಯದು. ಪ್ಯಾಲೆಟ್ ಮೇಲೆ ಕಲಸಿದ ಬೆಟ್ಟದ ಬಣ್ಣಕ್ಕೆ ಚೂರು ಬದಲಾವಣೆ ಮಾಡಿದರೆ ಪ್ರತಿಬಿಂಬದ ಬಣ್ಣ ಸಿಕ್ಕಿತು. ಮಾರನೇ ದಿನ ಅದೇ ಬಣ್ಣ ಮತ್ತೆ ಕಲಸಲು ಹೊರಟರೆ ಅರ್ಧ ದಿನ ಅದಕ್ಕೇ ಹೋಗುತ್ತದೆ.

ನನ್ನ ಬೆಟ್ಟಗಳು ದೂರ ಹೋಗೋದೇ ಇಲ್ಲ, ಮುಂದೆ ಬಂದು ನಿಂತುಬಿಡ್ತವೆ

ನಮಗೂ ಬೆಟ್ಟಕ್ಕೂ ನಡುವೆ ಇರುವ ಗಾಳಿಯನ್ನು ನೀವು ಬಿಡಿಸಿಲ್ಲ ಅಂತ ಅರ್ಥ. ಗಾಳಿಯ ಕಣಗಳು ನೀಲಿ ಬೆಳಕನ್ನು ಜಾಸ್ತಿ ಚದುರಿಸುತ್ತವೆ. ಆ ನೀಲಿ ದೂರದ ಕಪ್ಪು ಭಾಗಗಳ ಮೇಲೆ ಬಂದು ಕೂರುತ್ತದೆ. ಹಾಗಾಗಿ ದೂರ ಹೋದಷ್ಟೂ ಕಪ್ಪು ತಿಳಿಯಾಗುತ್ತದೆ, ನೀಲಿಯಾಗುತ್ತದೆ. ಚಿತ್ರದ ಅತಿ ಕಪ್ಪು ಯಾವಾಗಲೂ ಮುಂದಿನ ದಡದಲ್ಲೇ ಇರಲಿ, ದೂರದ ಬೆಟ್ಟದಲ್ಲಿ ಒಂದು ಚುಕ್ಕೆ ಕಪ್ಪೂ ಬೇಡ. ಅಂಚುಗಳೂ ಅಷ್ಟೇ. ದೂರದ ಅಂಚು ಮೆತ್ತಗೆ, ಹತ್ತಿರದ್ದು ಚೂಪು. ಬಣ್ಣ ಹಸಿ ಇರುವಾಗಲೇ ಮೆತ್ತಗಿನ ಒಣ ಬ್ರಷ್‌ನಿಂದ ಬೆಟ್ಟದ ಬುಡವನ್ನು ಒಮ್ಮೆ ಸವರಿ ಬಿಡಿ. ಮಂಜು ಕೂರುವುದು ಬುಡದಲ್ಲಿ. ಬೆಟ್ಟದ ತುದಿ ಸ್ಪಷ್ಟ, ಬುಡ ಮಸುಕು ಇದ್ದರೆ ಕಣ್ಣು ತಕ್ಷಣ ದೂರವನ್ನು ನಂಬುತ್ತದೆ.

ಹಿಮಕ್ಕೆ ಶುದ್ಧ ಬಿಳಿಯನ್ನೇ ಹಚ್ಚಿದ್ದೀನಿ, ಆದ್ರೂ ಹೊಳೆಯಲ್ಲ

ಅದಕ್ಕೇ ಹೊಳೆಯುತ್ತಿಲ್ಲ. ಟ್ಯೂಬಿನ ಬಿಳಿ ತಣ್ಣಗಿನ ಬಣ್ಣ. ಬಿಸಿಲು ಬಿದ್ದ ಹಿಮಕ್ಕೆ ಬಿಳಿಯಲ್ಲಿ ಚಿಟಿಕೆ ಯೆಲ್ಲೋ ಓಕರ್, ಸಂಜೆಯಾದರೆ ಚೂರು ಅಲಿಜರಿನ್. ನೆರಳಿನ ಹಿಮಕ್ಕೆ ಅಲ್ಟ್ರಾಮರೀನ್, ಬಿಳಿ, ಚೂರು ಬರ್ನ್ಟ್ ಸಿಯೆನ್ನಾ. ನೆರಳಿನ ಹಿಮ ನೀವು ಅಂದುಕೊಂಡದ್ದಕ್ಕಿಂತ ತುಂಬಾ ಕಡು. ಎಷ್ಟೋ ಸಲ ಹಿಂದಿನ ಆಕಾಶಕ್ಕಿಂತಲೂ ಕಡು ಇರುತ್ತದೆ. ಅಷ್ಟು ತಗ್ಗಿಸುವ ಧೈರ್ಯ ಮಾಡಿದರೆ ಮಾತ್ರ ಬಿಸಿಲಿನ ಹಿಮ ಎದ್ದು ನಿಲ್ಲುತ್ತದೆ.

ದೂರದ ಹಿಮದ ವಿಷಯದಲ್ಲಿ ಎಲ್ಲರೂ ತಪ್ಪುವ ಜಾಗ ಒಂದಿದೆ. ದೂರದ್ದೆಲ್ಲ ನೀಲಿ ಅಂತ ಹಿಮಕ್ಕೂ ನೀಲಿ ಸೇರಿಸುತ್ತಾರೆ. ಬಿಳಿ ವಸ್ತುವಿನಿಂದ ಹೊರಟ ಬೆಳಕು ದಾರಿಯಲ್ಲಿ ನೀಲಿಯನ್ನು ಕಳೆದುಕೊಂಡು ನಮ್ಮ ಕಣ್ಣಿಗೆ ಬರುತ್ತದೆ, ಹಾಗಾಗಿ ದೂರದ ಬಿಸಿಲಿನ ಹಿಮ ಬೆಚ್ಚಗೆ, ಸ್ವಲ್ಪ ಕೆನೆ ಬಣ್ಣಕ್ಕೆ ತಿರುಗುತ್ತದೆ. ದೂರದಲ್ಲಿ ಕಪ್ಪು ನೀಲಿಯಾಗುತ್ತದೆ, ಬಿಳಿ ಹಳದಿಯಾಗುತ್ತದೆ. ಇದೊಂದನ್ನು ಹಿಡಿದರೆ ನಿಮ್ಮ ಬೆಟ್ಟ ಹತ್ತಾರು ಮೈಲಿ ಹಿಂದಕ್ಕೆ ಹೋಗುತ್ತದೆ.

ಪ್ರತಿಬಿಂಬ ಅಂದ್ರೆ ಬೆಟ್ಟವನ್ನೇ ತಲೆಕೆಳಗಾಗಿ ಬಿಡಿಸೋದು, ಅಲ್ವಾ?

ಅಲ್ಲ. ಈ ಪ್ರಶ್ನೆಗೆ ಸ್ವಲ್ಪ ಜಾಸ್ತಿ ಹೊತ್ತು ಕೊಡೋಣ, ಯಾಕೆಂದರೆ ಸರೋವರದ ಚಿತ್ರ ಗೆಲ್ಲುವುದೂ ಸೋಲುವುದೂ ಇಲ್ಲೇ.

ಊಟದ ಮೇಜಿನ ಮೇಲೆ ಒಂದು ಕನ್ನಡಿ ಮಲಗಿಸಿ. ಅದರ ಆಚೆ ಅಂಚಿಗೆ ಒಂದು ಚಿಕ್ಕ ಡಬ್ಬಿ, ಅದರ ಹಿಂದೆ ಒಂದು ಮೊಳ ದೂರದಲ್ಲಿ ಎತ್ತರದ ಬಾಟಲಿ ಇಡಿ. ಈಚೆ ಕೂತು ನೋಡಿ. ನೇರವಾಗಿ ನೋಡಿದಾಗ ಡಬ್ಬಿಯ ಮೇಲೆ ಬಾಟಲಿ ಎಷ್ಟು ಕಾಣುತ್ತದೋ, ಕನ್ನಡಿಯಲ್ಲಿ ಅದಕ್ಕಿಂತ ಕಡಿಮೆ ಕಾಣುತ್ತದೆ. ತಲೆ ಎತ್ತರಿಸಿದಷ್ಟೂ ಡಬ್ಬಿಯ ಪ್ರತಿಬಿಂಬ ಬಾಟಲಿಯನ್ನು ಇನ್ನಷ್ಟು ನುಂಗುತ್ತದೆ. ಕನ್ನಡಿ ತೋರಿಸುವುದು ನಿಮ್ಮ ಕಣ್ಣು ಕನ್ನಡಿಯ ಮೇಲೆ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಕೆಳಗಿದ್ದರೆ ಕಾಣುವ ದೃಶ್ಯವನ್ನು, ಆದರೆ ತಲೆಕೆಳಗಾಗಿ. ಸರೋವರದಲ್ಲೂ ಇದೇ ಲೆಕ್ಕ. ದಡದ ಗುಡ್ಡದ ಪ್ರತಿಬಿಂಬ ಉದ್ದ, ಹಿಂದಿನ ಹಿಮದ ಬೆಟ್ಟದ್ದು ಕತ್ತರಿಸಿ ಹೋಗಿ ತುದಿ ಮಾತ್ರ ಉಳಿದಿರುತ್ತದೆ. ಫೋಟೋವನ್ನು ಕಂಪ್ಯೂಟರ್‌ನಲ್ಲಿ ತಿರುಗಿಸಿ ಕೆಳಗೆ ಅಂಟಿಸಿ ನಕಲು ಮಾಡುವವರ ಚಿತ್ರದಲ್ಲಿ ನೀರು ಯಾಕೆ ನೀರಾಗಲ್ಲ ಅನ್ನುವುದಕ್ಕೆ ಕಾರಣ ಇದು.

ಎರಡನೇದು ಟೋನ್. ನೀರು ಪೂರ್ತಿ ಕನ್ನಡಿಯಲ್ಲ. ಬೆಳಕಿನ ವಸ್ತು ನೀರಿನಲ್ಲಿ ಸ್ವಲ್ಪ ಮಂಕಾಗುತ್ತದೆ, ಕಪ್ಪು ವಸ್ತು ಸ್ವಲ್ಪ ತಿಳಿಯಾಗುತ್ತದೆ. ಬೆಟ್ಟದ ಹಿಮಕ್ಕಿಂತ ನೀರಿನ ಹಿಮ ಬೆಳ್ಳಗಿರಲೇಬಾರದು.

ಮೂರನೇದು, ನೀರನ್ನು ನಾವು ಎಷ್ಟು ಓರೆಯಾಗಿ ನೋಡುತ್ತಿದ್ದೇವೆ ಅನ್ನುವುದು. ನೇರ ಕೆಳಗೆ ನೋಡಿದರೆ ನೀರು ಬೆಳಕಿನ ಶೇ. 2ರಷ್ಟನ್ನು ಮಾತ್ರ ಹಿಂದಿರುಗಿಸುತ್ತದೆ. ತುಂಬಾ ಓರೆಯಾದಾಗ ಹೆಚ್ಚುಕಮ್ಮಿ ಎಲ್ಲವನ್ನೂ ಹಿಂದಿರುಗಿಸುತ್ತದೆ. ಹಾಗಾಗಿ ಆಚೆ ದಡದ ಹತ್ತಿರ ಪ್ರತಿಬಿಂಬ ಗಟ್ಟಿ. ನಮ್ಮ ಕಾಲ ಬುಡಕ್ಕೆ ಬರುತ್ತಾ ಅದು ಕರಗಿ ತಳದ ಕಲ್ಲುಗಳು ಕಾಣತೊಡಗುತ್ತವೆ. ಈ ಬದಲಾವಣೆಯನ್ನು ನಿಧಾನವಾಗಿ, ಕಂದು ಮತ್ತು ಹಸಿರಿಗೆ ತಿರುಗಿಸುತ್ತಾ ಬಿಡಿಸಿ. ನೀರಿಗೆ ಆಳ ಬರುವುದು ಅಲ್ಲಿಂದ.

ಹಚ್ಚುವ ಕ್ರಮ ಹೀಗೆ. ಮೊದಲು ಮೇಲಿಂದ ಕೆಳಕ್ಕೆ ನೆಟ್ಟಗೆ ಎಳೆಯಿರಿ. ಆಮೇಲೆ ಒಣ ಅಗಲ ಬ್ರಷ್‌ನಿಂದ ಅಡ್ಡಲಾಗಿ, ಬಣ್ಣವನ್ನು ಮುಟ್ಟಿತೋ ಇಲ್ಲವೋ ಅನ್ನುವಷ್ಟು ಹಗುರಾಗಿ, ಒಮ್ಮೆ ಸವರಿ. ಎರಡು ಸಲ ಸವರಿದರೆ ಆಕಾರ ಅಳಿಸಿ ಹೋಗುತ್ತದೆ. ಕೊನೆಗೆ ಗಾಳಿ ಮುಟ್ಟಿದ ಜಾಗದಲ್ಲಿ ಆಕಾಶದ ಬಣ್ಣದ ಒಂದೆರಡು ತೆಳು ಅಡ್ಡ ಪಟ್ಟಿ. ಅಮೆರಿಕದ ಚಿತ್ರಕಾರ ಜಾನ್ ಫ್ರೆಡರಿಕ್ ಕೆನ್‌ಸೆಟ್‌ನ 'ಲೇಕ್ ಜಾರ್ಜ್' (1869) ಚಿತ್ರವನ್ನು ಮೆಟ್ರೊಪಾಲಿಟನ್ ಸೈಟಿನಲ್ಲಿ ತೆರೆದು ನೀರಿನ ಭಾಗ ಮಾತ್ರ ನೋಡಿ. ಎಷ್ಟು ಕಡಿಮೆ ಕೆಲಸ, ಎಷ್ಟು ಶಾಂತ ನೀರು!

ನನ್ನ ಸರೋವರ ಮಲಗಲ್ಲ, ಗೋಡೆ ಥರ ಎದ್ದು ನಿಲ್ಲುತ್ತೆ

ದಡದ ಗೆರೆ ನೋಡಿ. ಜಾಸ್ತಿ ಬಾಗಿರುತ್ತದೆ. ನಿಂತ ಮಟ್ಟದಿಂದ ನೋಡಿದಾಗ ಆಚೆ ದಡ ಹೆಚ್ಚುಕಮ್ಮಿ ನೇರ ಅಡ್ಡಗೆರೆ. ದೂರದ ಕೊಲ್ಲಿ, ಮೂಲೆಗಳೆಲ್ಲ ಒಂದರ ಮೇಲೊಂದು ಒತ್ತಿಕೊಂಡು ಚಪ್ಪಟೆಯಾಗುತ್ತವೆ. ನಮಗೆ ಸರೋವರ ಗುಂಡಗಿದೆ ಅಂತ ಗೊತ್ತು, ಕೈ ಅದನ್ನೇ ಬಿಡಿಸುತ್ತದೆ. ಆಚೆ ದಡಕ್ಕೆ ಸ್ಕೇಲ್ ಇಟ್ಟು ಗೆರೆ ಎಳೆಯಿರಿ, ತಪ್ಪೇನಿಲ್ಲ.

ಕೆಲವು ಸರೋವರ ಹಾಲು ಬೆರೆಸಿದ ಹಸಿರು-ನೀಲಿ ಇರ್ತವಲ್ಲ, ಅದು ನಿಜವಾದ ಬಣ್ಣನಾ?

ನಿಜ. ಹಿಮನದಿ ಬಂಡೆಯನ್ನು ಅರೆದು ಮಾಡಿದ ನುಣ್ಣನೆ ಪುಡಿ ನೀರಿನಲ್ಲಿ ತೇಲುತ್ತಾ ಬೆಳಕನ್ನು ಚದುರಿಸುವುದರಿಂದ ಆ ಬಣ್ಣ. ವಿರಿಡಿಯನ್, ಬಿಳಿ, ಚೂರು ಅಲ್ಟ್ರಾಮರೀನ್ ಬೆರೆಸಿ, ಒಂದು ಚುಕ್ಕೆ ಬರ್ನ್ಟ್ ಸಿಯೆನ್ನಾ ಹಾಕಿ ತಗ್ಗಿಸಿ. ತಗ್ಗಿಸದಿದ್ದರೆ ಪೋಸ್ಟ್‌ಕಾರ್ಡ್ ಆಗುತ್ತದೆ.

## ಇನ್ನೂ ಮುಂದೆ ಹೋಗುವವರಿಗೆ

ಮೋಡ ಸೀಳಿಕೊಂಡು ಬರೋ ಬೆಳಕಿನ ಕೋಲುಗಳನ್ನ ಹೇಗೆ ಬಿಡಿಸೋದು?

ಹಿಂದಿನ ಬೆಟ್ಟ ಪೂರ್ತಿ ಒಣಗಿರಬೇಕು. ಅವಸರ ಮಾಡಿದರೆ ಬೆಟ್ಟವೇ ಎದ್ದು ಬರುತ್ತದೆ. ಬಿಳಿಗೆ ಯೆಲ್ಲೋ ಓಕರ್ ಬೆರೆಸಿ, ಬ್ರಷ್‌ಗೆ ತಗೊಂಡು, ಬಟ್ಟೆಯಲ್ಲಿ ಒರೆಸಿ. ಬ್ರಷ್‌ನಲ್ಲಿ ಬಣ್ಣವೇ ಇಲ್ಲ ಅನ್ನಿಸಬೇಕು. ಈಗ ಮೋಡದ ಸಂದಿಯಿಂದ ಕೆಳಗೆ ಹಗುರಾಗಿ ಉಜ್ಜಿ. ಎಲ್ಲ ಕೋಲುಗಳೂ ಒಂದೇ ಬಿಂದುವಿನಿಂದ, ಅಂದರೆ ಸೂರ್ಯನಿಂದ, ಹೊರಡಬೇಕು. ಸೂರ್ಯ ಚಿತ್ರದ ಆಚೆ ಇದ್ದರೂ ಆ ಬಿಂದುವನ್ನು ಈಸೆಲ್ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಮಾಡಿಕೊಳ್ಳಿ. ಒಂದು ಅಂಚು ಸ್ವಲ್ಪ ಸ್ಪಷ್ಟ, ಇನ್ನೊಂದು ಕರಗಲಿ. ಕೆಳಗೆ ಬರುತ್ತಾ ಮಂಕಾಗಲಿ. ಕೋಲು ಹೊಳೆಯುವುದು ಬಿಳಿ ಜಾಸ್ತಿ ಹಾಕಿದ್ದರಿಂದ ಅಲ್ಲ, ಅದರ ಪಕ್ಕದ ಬೆಟ್ಟ ಕಡುವಾಗಿದ್ದರಿಂದ. ಎರಡು ಮೂರು ಕೋಲು ಸಾಕು.

ಗ್ಲೇಜಿಂಗ್ ಅಂದ್ರೇನು? ಎಲ್ಲಿ ಬಳಸಬೇಕು? ಬಿರುಕು ಬಿಡುತ್ತೆ ಅಂತಾರಲ್ಲ

ಒಣಗಿದ ಪದರದ ಮೇಲೆ ಪಾರದರ್ಶಕ ಬಣ್ಣವನ್ನು ಎಣ್ಣೆಯಲ್ಲಿ ತೆಳು ಮಾಡಿ ಹಚ್ಚುವುದು ಗ್ಲೇಜ್. ಬೆಳಕು ಆ ಪದರ ದಾಟಿ ಕೆಳಗಿನ ಬಿಳುಪಿಗೆ ಬಡಿದು ವಾಪಸ್ ಬರುತ್ತದೆ, ಹಾಗಾಗಿ ಒಳಗಿಂದ ಬೆಳಗಿದಂತೆ ಕಾಣುತ್ತದೆ. ಅಲ್ಟ್ರಾಮರೀನ್, ಅಲಿಜರಿನ್, ವಿರಿಡಿಯನ್, ಬರ್ನ್ಟ್ ಸಿಯೆನ್ನಾ ಇದಕ್ಕೆ ಒಳ್ಳೆಯವು. ಮುಂದಿನ ನೆರಳನ್ನು ಇನ್ನಷ್ಟು ಆಳ ಮಾಡಲು, ಸಂಜೆಯ ಆಕಾಶಕ್ಕೆ ಬೆಚ್ಚಗಿನ ಛಾಯೆ ಕೊಡಲು ಬಳಸಿ. ಮಂಜಿಗೆ ಗ್ಲೇಜ್ ಆಗಲ್ಲ, ಅದಕ್ಕೆ ಬಿಳಿ ಬೆರೆಸಿದ ಮಬ್ಬು ಪದರವೇ ಬೇಕು.

ಬಿರುಕು ಬಿಡುವುದು ಕ್ರಮ ತಪ್ಪಿದಾಗ. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲೆ ಹೋದಂತೆ ಜಾಸ್ತಿ. ಎಣ್ಣೆ ಜಾಸ್ತಿ ಇರುವ ಪದರ ನಿಧಾನ ಒಣಗುತ್ತದೆ, ಬಾಗುವ ಗುಣ ಉಳಿಸಿಕೊಳ್ಳುತ್ತದೆ. ಅದರ ಮೇಲೆ ಬೇಗ ಬಿಗಿಯಾಗುವ ತೆಳು ಪದರ ಹಾಕಿದರೆ ಕೆಳಗಿನದು ಇನ್ನೂ ಅಲುಗಾಡುತ್ತಾ ಮೇಲಿನದನ್ನು ಸೀಳುತ್ತದೆ. ಹಾರ್ಡ್‌ವೇರ್ ಅಂಗಡಿಯ ಬಾಯ್ಲ್ಡ್ ಲಿನ್ಸೀಡ್ ಬೇಡವೇ ಬೇಡ, ಅದು ಬಾಗಿಲು ಕಿಟಕಿಗೆ. ಶುದ್ಧ ಲಿನ್ಸೀಡ್ ಕೂಡ ಹೆಚ್ಚಾದರೆ ಹಳದಿಯಾಗುತ್ತದೆ, ಆಕಾಶಕ್ಕೆ ಹಿಡಿತ ಇರಲಿ.

ಹಳೇ ಕಾಲದವರು ಬಳಸಿದ ಬಣ್ಣಗಳನ್ನೇ ಬಳಸಿದ್ರೆ ಅದೇ ಲುಕ್ ಬರುತ್ತಾ?

ಅವರ ಕಾಲವೇ ಬಣ್ಣದ ಹೊಸ ಕಾಲ. ಕೋಬಾಲ್ಟ್ ಬ್ಲೂ 1802ರಲ್ಲಿ ಬಂತು. ಅಲ್ಲಿಯವರೆಗೆ ಲ್ಯಾಪಿಸ್ ಕಲ್ಲಿನಿಂದ ತೆಗೆಯುತ್ತಿದ್ದ ಅಲ್ಟ್ರಾಮರೀನ್ 1820ರ ದಶಕದ ಕೊನೆಗೆ ಕಾರ್ಖಾನೆಯಲ್ಲೇ ತಯಾರಾಗಿ ಅಗ್ಗವಾಯಿತು. 1841ರಲ್ಲಿ ಜಾನ್ ರ್‍ಯಾಂಡ್ ಅನ್ನುವ ಚಿತ್ರಕಾರ ಲೋಹದ ಟ್ಯೂಬಿಗೆ ಪೇಟೆಂಟ್ ಪಡೆದ. ಬೆಟ್ಟದ ಮೇಲೆ ಆಯಿಲ್ ಬಣ್ಣ ಹೊತ್ತುಕೊಂಡು ಹೋಗುವುದು ಆಮೇಲೆ ಸಲೀಸಾಯಿತು. ಅವರು ಬಳಸಿದ ಸೀಸದ ಬಿಳಿ ವಿಷ, ಮನೆಯಲ್ಲಿ ಬೇಡ. ಆಗಿನ ಕೆಲವರು ಆಳವಾದ ಕಂದಿಗೆ ಡಾಂಬರಿನ ಜಾತಿಯ ಬಿಟ್ಯುಮೆನ್ ಹಚ್ಚಿದರು. ಅದು ಪೂರ್ತಿ ಒಣಗುವುದೇ ಇಲ್ಲ. ಅಂಥ ಚಿತ್ರಗಳು ಕಪ್ಪಾಗಿ, ಮೊಸಳೆ ಚರ್ಮದ ಥರ ಬಿರುಕು ಬಿಟ್ಟಿವೆ. ಆ ಲುಕ್ ಬಂದದ್ದು ಟ್ಯೂಬಿನಿಂದಲ್ಲ, ನೆರಳು ಬೆಳಕಿನ ಯೋಜನೆಯಿಂದ.

ಜಿಂಕೆ, ದೋಣಿ, ಮನುಷ್ಯ ಏನಾದ್ರೂ ಇಡಲೇಬೇಕಾ?

ಇಡಲೇಬೇಕು ಅಂತಿಲ್ಲ. ಆದರೆ ಅಳತೆಗೆ ಏನಾದರೂ ಇಲ್ಲದಿದ್ದರೆ ನಿಮ್ಮ ಬೆಟ್ಟ ಎಷ್ಟು ದೊಡ್ಡದು ಅಂತ ಗೊತ್ತಾಗುವುದಾದರೂ ಹೇಗೆ? ಬೀರ್‌ಸ್ಟಾಟ್ ನೀರಿನ ಅಂಚಿನಲ್ಲಿ ಜಿಂಕೆಗಳನ್ನು ಇಟ್ಟದ್ದು ಅದಕ್ಕೇ. ಎಷ್ಟು ಚಿಕ್ಕದು ಅಂದುಕೊಂಡಿರೋ ಅದರ ಅರ್ಧಕ್ಕೆ ಇಳಿಸಿ. 40 ಸೆಂ.ಮೀ. ಅಗಲದ ಚಿತ್ರದಲ್ಲಿ ಆಚೆ ದಡದ ದೋಣಿ ಅಕ್ಕಿ ಕಾಳಿನಷ್ಟಿದ್ದರೂ ಜಾಸ್ತಿಯೇ. ಮರಗಳಿಗೂ ಇದೇ ಮಾತು. ಆಚೆ ದಡದ ಪೈನ್ ಮರಗಳನ್ನು ಅರ್ಧ ಬೆಟ್ಟದಷ್ಟು ಎತ್ತರ ಮಾಡಿದರೆ ಬೆಟ್ಟ ಗುಡ್ಡವಾಯಿತು.

ನಮ್ಮ ಪಶ್ಚಿಮ ಘಟ್ಟವನ್ನ ಇದೇ ಶೈಲಿಯಲ್ಲಿ ಬಿಡಿಸಬಹುದಾ?

ಖಂಡಿತ. ಆದರೆ ಆಲ್ಪ್ಸ್‌ನ ಬಣ್ಣ ತಂದು ಇಲ್ಲಿಗೆ ಅಂಟಿಸಬೇಡಿ. ಚಿಕ್ಕಮಗಳೂರಿನ ಹಿರೇಕೊಳಲೆ ಕೆರೆಯ ಹಿಂದಿನ ಬೆಟ್ಟಸಾಲಿನಲ್ಲಿ ಹಿಮವೂ ಇಲ್ಲ, ಚೂಪು ಶಿಖರವೂ ಇಲ್ಲ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ನಮ್ಮಲ್ಲಿ ಗಾಳಿಯಲ್ಲಿ ತೇವ ಜಾಸ್ತಿ. ಹತ್ತಿರದ ಗುಡ್ಡವೇ ಮಂಜಿನಲ್ಲಿ ಕರಗುತ್ತದೆ. ಹಾಗಾಗಿ ಬಿಳುಪಿನ ಜಾಗಕ್ಕೆ ಹಿಮದ ಬದಲು ಮೋಡ ಬರಬೇಕು, ಕಪ್ಪಿಗೆ ಬಂಡೆಯ ಬದಲು ಮಳೆಯಲ್ಲಿ ತೊಯ್ದ ಶೋಲಾ ಕಾಡು. ಮಳೆ ನಿಂತು ಹತ್ತು ನಿಮಿಷ ಬಿಸಿಲು ಬೀಳುವ ಹೊತ್ತನ್ನು ಕಾಯಿರಿ. ನಮ್ಮ ಕೆ. ವೆಂಕಟಪ್ಪನವರು ಊಟಿ, ಕೊಡೈಕನಾಲ್ ಬೆಟ್ಟಗಳನ್ನು ಜಲವರ್ಣದಲ್ಲಿ ಬಿಡಿಸಿದ್ದಾರೆ. ಮಾಧ್ಯಮ ಬೇರೆ, ಆದರೆ ದಕ್ಷಿಣದ ಬೆಟ್ಟದ ಮಂಜು, ಮೋಡ ಹೇಗೆ ನಡೆಯುತ್ತವೆ ಅಂತ ಅವರಿಂದ ಕಲಿಯಬೇಕು.

ಮಳೆಗಾಲದಲ್ಲಿ ಚಿತ್ರ ಒಣಗೋದೇ ಇಲ್ಲ. ವಾರ್ನಿಷ್ ಯಾವಾಗ?

ತೇವದಲ್ಲಿ ನಿಧಾನವಾಗುವುದು ಸಹಜ. ಅಂಬರ್ ಬಣ್ಣಗಳು ಬೇಗ ಒಣಗುತ್ತವೆ, ಟೈಟೇನಿಯಂ ವೈಟ್, ಅಲಿಜರಿನ್ ತಡ. ಕತ್ತಲ ಕೋಣೆಯಲ್ಲಿ ಇಡಬೇಡಿ, ಎಣ್ಣೆ ಹಳದಿಗೆ ತಿರುಗುತ್ತದೆ. ಗಾಳಿ ಬೆಳಕು ಬರುವ ಕಡೆ, ಗೋಡೆಗೆ ತಾಗದಂತೆ ಇಡಿ. ಮಲೆನಾಡು, ಕರಾವಳಿಯಲ್ಲಿ ಕ್ಯಾನ್ವಾಸಿನ ಹಿಂದೆ ಬೂಸ್ಟು ಬರುವುದು ಗೋಡೆಗೆ ಅಂಟಿಸಿ ನೇತುಹಾಕಿದಾಗ. ಫ್ರೇಮಿನ ಕೆಳ ಮೂಲೆಗಳಿಗೆ ಎರಡು ಕಾರ್ಕ್ ತುಂಡು ಅಂಟಿಸಿದರೆ ಗಾಳಿ ಆಡುತ್ತದೆ. ಮಾಮೂಲಿ ಡ್ಯಾಮರ್ ವಾರ್ನಿಷ್‌ಗೆ (ಒಣಗಿದ ಚಿತ್ರದ ರಕ್ಷಣೆಗೆ ಹಚ್ಚುವ ಪಾರದರ್ಶಕ ಪದರ) ಆರು ತಿಂಗಳಿಂದ ಒಂದು ವರ್ಷ ಕಾಯಬೇಕು, ಬಣ್ಣ ದಪ್ಪ ಇದ್ದರೆ ಇನ್ನೂ ಜಾಸ್ತಿ.

ಬೀರ್‌ಸ್ಟಾಟ್ ಚಿತ್ರ ಕಾಪಿ ಮಾಡಿದ್ದೀನಿ. ನನ್ನ ಸಹಿ ಹಾಕಿ ಮಾರಬಹುದಾ?

ಬೀರ್‌ಸ್ಟಾಟ್ ತೀರಿಕೊಂಡದ್ದು 1902ರಲ್ಲಿ. ಭಾರತದಲ್ಲಿ ಚಿತ್ರದ ಹಕ್ಕು ಚಿತ್ರಕಾರ ತೀರಿಕೊಂಡು 60 ವರ್ಷದವರೆಗೆ. ಹಾಗಾಗಿ ಕಾಪಿ ಮಾಡಲು ಯಾವ ತಡೆಯೂ ಇಲ್ಲ, ಮಾರಲೂಬಹುದು. ಆದರೆ ಅದು ಕಾಪಿ ಅಂತ ಕೊಳ್ಳುವವರಿಗೆ ಗೊತ್ತಿರಬೇಕು. ಮೂಲದ ಅಳತೆ ಬಿಟ್ಟು ಬೇರೆ ಅಳತೆಯಲ್ಲಿ ಮಾಡಿ. ಕ್ಯಾನ್ವಾಸಿನ ಹಿಂದೆ ಮೂಲ ಚಿತ್ರದ ಹೆಸರು, ಅವನ ಹೆಸರು, ನಿಮ್ಮ ಹೆಸರು, ನೀವು ಮಾಡಿದ ವರ್ಷ ಬರೆಯಿರಿ. ಅವನ ಸಹಿಯನ್ನು ಮಾತ್ರ ಕಾಪಿ ಮಾಡಬೇಡಿ.